ತೋಳು ಚಾಚಿದಷ್ಟು ಗೋಡೆ

ವಿಯೆನ್ನಾದ ಹುಂಡರ್ಟ್‌ವಾಸರ್ ಹೌಸ್ ಎದುರು ಕ್ಯಾಮೆರಾ ಹಿಡಿದ ಜನ ತಪ್ಪುವುದಿಲ್ಲ. ಬಣ್ಣಬಣ್ಣದ ಪಟ್ಟೆ, ಒಂದರಂತೆ ಇನ್ನೊಂದಿಲ್ಲದ ಕಿಟಕಿ, ಚಿನ್ನದ ಬಣ್ಣದ ಗುಮ್ಮಟ, ತಾರಸಿಯ ಮೇಲೆ ಮರಗಳು: ಕಣ್ಣಿಗೆ ಬಿಡುವೇ ಇಲ್ಲ. 1985ರಲ್ಲಿ ಮುಗಿದ ಇದು ನಗರಾಡಳಿತ ಕಟ್ಟಿಸಿದ ಬಾಡಿಗೆ ವಸತಿ. 50ಕ್ಕೂ ಹೆಚ್ಚು ಮನೆಗಳಿವೆ. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ. ಹಾಗಾಗಿ ಮನೆಯೊಂದು ಬರೀ ಮುಖವಾಗಿ ಉಳಿದುಬಿಡುತ್ತದೆ.

ಸರಳರೇಖೆಯನ್ನು ಕಂಡರಾಗದ ಚಿತ್ರಕಾರ ಹುಂಡರ್ಟ್‌ವಾಸರ್ ಸಾರಿದ್ದು ‘ಕಿಟಕಿಯ ಹಕ್ಕು’. ಬಾಡಿಗೆದಾರ ಕಿಟಕಿಯಿಂದ ತೋಳು ಚಾಚಿದಷ್ಟು ಗೋಡೆ ಅವನದು, ಬೇಕಾದಂತೆ ಬಣ್ಣ ಬಳಿದುಕೊಳ್ಳಲಿ ಎಂಬ ಈ ವಿಚಾರ ಯಾವ ಗುಮ್ಮಟಕ್ಕಿಂತಲೂ ದಿಟ್ಟವಾದದ್ದು. ಆದರೆ ಇಲ್ಲಿ ಕಲಾವಿದನ ಕುಂಚವೇ ಮೊದಲು ಎಲ್ಲ ಗೋಡೆಗೂ ಹರಿದಿದೆ. ಬಾಡಿಗೆದಾರನ ಕೈಗೆ ಉಳಿದದ್ದು ಕಡಿಮೆ.

ಒಳಗೆ ಹೋಗಲಾಗದ ಕೊರತೆಯನ್ನು ಹತ್ತಿರದ ಕುನ್ಸ್ಟ್‌ಹೌಸ್ ಸ್ವಲ್ಪ ತುಂಬುತ್ತದೆ. ಹಳೆಯ ಥೋನೆಟ್ ಪೀಠೋಪಕರಣ ಕಾರ್ಖಾನೆಯನ್ನು ಮಾರ್ಪಡಿಸಿ 1991ರಲ್ಲಿ ತೆರೆದ ಈ ಸಂಗ್ರಹಾಲಯದ ನೆಲ ಏರಿಳಿಯುತ್ತದೆ. ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕು. ಕಣ್ಣಿನ ಮೋಜಾಗಿದ್ದ ಕಲ್ಪನೆ ಇಲ್ಲಿ ಮೈಗೆ ತಾಗುತ್ತದೆ.

ಯು4 ಮೆಟ್ರೊ ಹತ್ತಿದರೆ ಸ್ಪಿಟ್ಟೆಲಾವ್. 1987ರ ಬೆಂಕಿ ಅನಾಹುತದ ನಂತರ ಹುಂಡರ್ಟ್‌ವಾಸರ್ ಹೊಸ ರೂಪ ಕೊಟ್ಟ ಕಸ ಸುಡುವ ಸ್ಥಾವರ ಅಲ್ಲಿದೆ. ಅದರ ಶಾಖ ನಗರದ ಮನೆಗಳನ್ನು ಬೆಚ್ಚಗಿಡುತ್ತದೆ. ಚಿಮಣಿಗೆ ಹೊಳೆಯುವ ಗೋಳ ತೊಡಿಸಿದ್ದನ್ನು ಮರೆಮಾಚುವ ಅಲಂಕಾರ ಎಂದು ಜರಿಯಬಹುದು. ನನಗೆ ಹಾಗನ್ನಿಸುವುದಿಲ್ಲ. ಊರಾಚೆ ಬಚ್ಚಿಡುವಂಥದ್ದನ್ನು ಊರೊಳಗೇ ಎದ್ದು ಕಾಣಿಸಿ, ನಿಮ್ಮ ಕಸ ಇಲ್ಲಿಗೇ ಬರುತ್ತದೆಂದು ಅದು ನೆನಪಿಸುತ್ತದೆ.

ಮುಂದಿನ ನಿಲ್ದಾಣ ಹೈಲಿಗೆನ್‌ಸ್ಟಾಟ್. ಎದುರಿಗೇ ಕಾರ್ಲ್ ಏನ್ ವಿನ್ಯಾಸಗೊಳಿಸಿದ ಕಾರ್ಲ್ ಮಾರ್ಕ್ಸ್ ಹೋಫ್. 1930ರಲ್ಲಿ ಉದ್ಘಾಟನೆಯಾದ, ಒಂದು ಕಿಲೋಮೀಟರಿಗೂ ಉದ್ದದ ಕಾರ್ಮಿಕರ ವಸತಿ ಇದು. ಸರಳರೇಖೆಗಳೇ ತುಂಬಿದ ಈ ಕಟ್ಟಡ ‘ಕಲ್ಪನಾಶೀಲ ವಾಸ್ತುಶಿಲ್ಪ’ದ ಪಟ್ಟಿಗಳಿಗೆ ಸೇರುವುದು ಅಪರೂಪ. ಆದರೆ ನಿವೇಶನದ ಐದನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಟ್ಟಿ, ಉಳಿದದ್ದನ್ನು ತೋಟ, ಅಂಗಳಗಳಿಗೆ ಬಿಟ್ಟರು. ಬಟ್ಟೆ ಒಗೆಯುವ ಕೋಣೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯಗಳನ್ನು ಒಳಗೇ ಇಟ್ಟರು. ಬಾಡಿಗೆದಾರನ ಇಡೀ ದಿನವನ್ನು ಮೊದಲೇ ಊಹಿಸಿಕೊಂಡ ಕಲ್ಪನೆ ಅದು.

ಹುಂಡರ್ಟ್‌ವಾಸರ್ ಬೇಸರ ತರಿಸುವ ಡಬ್ಬಿಯಂಥ ಕಟ್ಟಡಗಳ ವಿರುದ್ಧ ಎದ್ದದ್ದು ಸರಿಯೇ. ಆದರೆ ಡೊಂಕು ಗೆರೆಯೊಂದೇ ಸ್ವಾತಂತ್ರ್ಯವಲ್ಲ. ವಸತಿಯನ್ನು ಅಳೆಯಬೇಕಾದದ್ದು ಫೋಟೊ ತೆಗೆಯುವವರಿಂದಲ್ಲ, ಬಾಡಿಗೆ ಕಟ್ಟುವವರಿಂದ.