ಹೊಣೆ ವಿಳಾಸದಾರನಿಗೆ, ಹಕ್ಕು ಕಳಿಸಿದವನಿಗೆ

ತಮಿಳುನಾಡಿನ ತೇಣಿ ಜಿಲ್ಲೆಯ ಕಂಬಂನಲ್ಲಿರುವ ಒಂದು ಮನೆಗೆ ಸಿಂಗಪುರದ ಮಗ ಪಾರ್ಸೆಲ್ ಕಳಿಸಿದ್ದಾನೆ ಎಂದುಕೊಳ್ಳಿ. ಅಮ್ಮನಿಗೆ ಮಾತ್ರೆ, ತಂಗಿಯ ಮಗುವಿಗೆ ಆಟಿಕೆ, ಒಂದು ಸ್ವೆಟರ್. ವಿಮಾನ ನಾಲ್ಕಾರು ಗಂಟೆಯಲ್ಲಿ ಚೆನ್ನೈ ಮುಟ್ಟುತ್ತದೆ. ಅಲ್ಲಿಂದ ಕಂಬಂಗೆ 500 ಕಿ.ಮೀ.ಗೂ ಹೆಚ್ಚು. ಈ ದೂರವನ್ನು ಅಂಚೆಯ ಲಾರಿ ಒಂದೆರಡು ದಿನದಲ್ಲಿ ಕ್ರಮಿಸಬಲ್ಲದು. ಆದರೂ ವಾರಗಟ್ಟಲೆ ಪಾರ್ಸೆಲ್ ಬರುವುದಿಲ್ಲ. ಅದು ಎಲ್ಲಿದೆ ಎಂಬುದಕ್ಕೆ ಒಂದು ಸಾಲಿನ ಉತ್ತರ ಸಿಗುತ್ತದೆ: ಕಸ್ಟಮ್ಸ್‌ನವರ ಬಳಿ ಇದೆ. ಯಾಕೆ ಇದೆ, ಬಿಡಿಸಿಕೊಳ್ಳಲು ಏನು ಕೊಡಬೇಕು ಎಂದರೆ ಊರಿನ ಅಂಚೆ ಕಚೇರಿಯಲ್ಲಿ ಹೇಳುವವರಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ನಿಧಾನಗತಿಯಲ್ಲ. ಸುಂಕ ಕಟ್ಟುವ, ಕಾಗದ ಒದಗಿಸುವ, ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನೆಲ್ಲ ಅದು ವಿಳಾಸದಾರನ ಮೇಲೆ ಹೊರಿಸಿ, ಕೇಳುವ ಹಕ್ಕನ್ನು ಮಾತ್ರ ಕಳಿಸಿದವನ ಬಳಿ ಬಿಟ್ಟಿದೆ.

ತೇಣಿ, ದಿಂಡಿಗಲ್ ಕಡೆಯ ಒಕ್ಕಲಿಗ ಮತ್ತು ದೇವಾಂಗ ಕುಟುಂಬಗಳಲ್ಲಿ ಅನೇಕರ ಮನೆಮಾತು ಇವತ್ತಿಗೂ ಕನ್ನಡ, ಓದುಬರಹ ತಮಿಳು. ಹೊರದೇಶಕ್ಕೆ ದುಡಿಯಲು ಹೋದ ಮಕ್ಕಳಿಗೂ ಇಂಥ ಮನೆಗಳಿಗೂ ನಡುವೆ ಅಂಚೆಯಷ್ಟು ಆಳಕ್ಕೆ ಇಳಿಯುವ ಸೇವೆ ಮತ್ತೊಂದಿಲ್ಲ. ಖಾಸಗಿ ಕೊರಿಯರ್ ಪೇಟೆಯಲ್ಲಿ ನಿಂತುಬಿಡಬಹುದು, ಪೋಸ್ಟ್‌ಮ್ಯಾನ್ ತೋಟದ ಮನೆಯವರೆಗೂ ಹೋಗುತ್ತಾನೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಕಂಬಂಗೆ 625516 ಎಂಬ ಗುರುತು ಕೊಟ್ಟಿದೆ. ಆ ಆರು ಅಂಕಿಗಳಿದ್ದರೆ ಜಗತ್ತಿನ ಯಾವ ಮೂಲೆಯಿಂದಲೂ ಒಂದು ಪೊಟ್ಟಣ ಈ ಊರನ್ನು ಹುಡುಕಿಕೊಂಡು ಬರಬಲ್ಲದು.

ಇದು ಸಣ್ಣ ಸಾಧನೆಯಲ್ಲ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿತು. ಒಂದು ದೇಶದಲ್ಲಿ ಕಟ್ಟಿದ ಅಂಚೆ ದರವನ್ನು ನಂಬಿ ಇನ್ನೊಂದು ದೇಶದ ಪೋಸ್ಟ್‌ಮ್ಯಾನ್ ಬಾಗಿಲು ತಟ್ಟುತ್ತಾನೆ. ಪಾರ್ಸೆಲ್ ಮೇಲಿನ ಹದಿಮೂರು ಅಕ್ಷರ-ಅಂಕಿಗಳ ಗುರುತು ಎಲ್ಲ ದೇಶಗಳಲ್ಲೂ ಒಂದೇ ಮಾದರಿಯದು. ಸಾಗಿಸುವ ಕೆಲಸವನ್ನು ಈ ವ್ಯವಸ್ಥೆ ಚೆನ್ನಾಗಿ ಕಲಿತಿದೆ. ಪಾರ್ಸೆಲ್ ಎಲ್ಲಾದರೂ ನಿಂತಾಗ ಅದು ಯಾರಿಗಾಗಿ ಬಂದಿದೆಯೋ ಅವರೊಡನೆ ಮಾತಾಡುವುದನ್ನು ಕಲಿತಿಲ್ಲ.

ತಪಾಸಣೆಯೇ ಬೇಡ ಎಂದು ನಾನು ವಾದಿಸುವುದಿಲ್ಲ. 2021ರ ಜುಲೈನಲ್ಲಿ ಚೆನ್ನೈನ ವಿದೇಶಿ ಅಂಚೆ ಕಚೇರಿಯಲ್ಲಿ ಪೋಲೆಂಡಿನಿಂದ ಬಂದ ಪಾರ್ಸೆಲ್ ಒಂದನ್ನು ಬಿಚ್ಚಿದಾಗ ಪುಟ್ಟ ಸೀಸೆಗಳಲ್ಲಿ 107 ಜೀವಂತ ಜೇಡಗಳು ಸಿಕ್ಕಿದವು. ವಿಳಾಸ ಇದೇ ದಕ್ಷಿಣ ತಮಿಳುನಾಡಿನ ಅರುಪ್ಪುಕೋಟೆಯದು. ಅದರ ಹಿಂದಿನ ವರ್ಷ, 2020ರ ಆಗಸ್ಟ್‌ನಲ್ಲಿ, ಯಾರೂ ತರಿಸದ ಬಿತ್ತನೆ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬರಬಹುದೆಂದು ಕೇಂದ್ರ ಕೃಷಿ ಸಚಿವಾಲಯ ಎಚ್ಚರಿಸಿತ್ತು. ಹೊರಗಿನ ಬೀಜದೊಂದಿಗೆ ಹೊರಗಿನ ರೋಗವೂ ಬರುತ್ತದೆ. 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಪನ್ನೀರ್ ದ್ರಾಕ್ಷಿಯನ್ನು ಬೆಳೆಯುವ ಕಂಬಂ ಕಣಿವೆಗೆ ಆ ಭಯ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅನುಮತಿಯಿಲ್ಲದ ಬೀಜವನ್ನು ತಡೆಯುವ ಅಧಿಕಾರಿ ಆ ದ್ರಾಕ್ಷಿ ತೋಟಗಳನ್ನೇ ಕಾಯುತ್ತಿದ್ದಾನೆ. ಆದರೆ ಸ್ವೆಟರ್ ಏಕೆ ನಿಂತಿದೆ ಎಂದು ಮನೆಯವರಿಗೆ ತಿಳಿಸದಿರಲು ಆ ಕಾವಲು ಕಾರಣವಾಗಬೇಕಿಲ್ಲ.

ಉಡುಗೊರೆಯ ನಿಯಮವನ್ನೇ ನೋಡಿ. ಮೊದಲು 5,000 ರೂಪಾಯಿವರೆಗಿನ ನಿಜವಾದ ಉಡುಗೊರೆಗೆ ಸುಂಕವಿರಲಿಲ್ಲ. ಚೀನಾದ ಆನ್‌ಲೈನ್ ಮಾರಾಟಗಾರರು ಗಿರಾಕಿಗಳಿಗೆ ಮಾರಿದ ಸರಕನ್ನೇ ಉಡುಗೊರೆಯೆಂದು ಬರೆದು ಕಳಿಸತೊಡಗಿದಾಗ, 2019ರ ಡಿಸೆಂಬರ್ 12ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಆ ದಾರಿಯನ್ನು ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಉಳಿದ ಉಡುಗೊರೆಗಳು ಪೂರ್ತಿ ಸುಂಕ ತೆತ್ತು ಬರಬೇಕು. ಮೋಸ ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ವ್ಯಾಪಾರಿಯನ್ನೂ ಮಗನನ್ನೂ ಒಂದೇ ಬಲೆಗೆ ಹಾಕಿದ್ದರ ಫಲ ಇನ್ನೂ ಉಣ್ಣಬೇಕಾಗಿದೆ. ಪಾರ್ಸೆಲ್‌ಗೆ ಅಂಟಿಸುವ ಅಂತರರಾಷ್ಟ್ರೀಯ ಘೋಷಣಾ ಪತ್ರದಲ್ಲಿ ಉಡುಗೊರೆ ಎಂಬ ಚೌಕ ಇಂದಿಗೂ ಇದೆ. ಸಿಂಗಪುರದ ಮಗ ಅದಕ್ಕೆ ಸಹಜವಾಗಿ ಗುರುತು ಹಾಕುತ್ತಾನೆ. ಆ ಗುರುತಿಗೆ ಭಾರತದಲ್ಲಿ ಬೆಲೆಯಿಲ್ಲ ಎಂದು ಅವನಿಗೆ ಅಲ್ಲಿ ಯಾರೂ ಹೇಳುವುದಿಲ್ಲ, ಅಮ್ಮನಿಗೆ ಇಲ್ಲಿ ಹೇಳುವುದಿಲ್ಲ. ಸುಂಕ 100 ರೂಪಾಯಿ ಮೀರದಿದ್ದರೆ ವಸೂಲಿ ಮಾಡುವಂತಿಲ್ಲ ಎಂದು ಕಸ್ಟಮ್ಸ್ ಕಾಯಿದೆಯಲ್ಲೇ ಇದೆ. ಜನರ ಪರವಾದ ಈ ಮಾತಾದರೂ ಎಷ್ಟು ಅಂಚೆ ಕಚೇರಿಗಳ ಗೋಡೆಯ ಮೇಲಿದೆ?

ಔಷಧದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಸ್ವಂತ ಬಳಕೆಗೆ ಹೊರದೇಶದ ಔಷಧವನ್ನು ಅಂಚೆಯಲ್ಲಿ ತರಿಸಲು ವೈದ್ಯರ ಚೀಟಿ ಬೇಕು, 12-ಎ ನಮೂನೆಯಲ್ಲಿ ಅರ್ಜಿ ಹಾಕಬೇಕು, 12-ಬಿ ಎಂಬ ಪರವಾನಗಿ ಪಡೆಯಬೇಕು. ಸರಿಯಾದ ಕ್ರಮವೇ, ಗೊತ್ತಿಲ್ಲದ ಔಷಧವನ್ನು ಯಾರೂ ಸುಮ್ಮನೆ ಒಳಗೆ ಬಿಡಬಾರದು. ಆದರೆ ಮನೆಯವರಿಗೆ ಇದು ಗೊತ್ತಾಗುವುದು ಪಾರ್ಸೆಲ್ ಹಿಡಿದಿಟ್ಟ ಮೇಲೆ, ಕಾಗದ ಕೇಳಿ ಬರುವ ಪತ್ರದಿಂದ. ತಮಿಳು ಓದುವ ತಾಯಿಗೆ ಇಂಗ್ಲಿಷಿನ ಕಚೇರಿ ಭಾಷೆಯಲ್ಲಿ ಬಂದ ಪತ್ರವನ್ನು ಊರಲ್ಲಿ ಯಾರೋ ಓದಿ ಹೇಳಬೇಕು, ಉತ್ತರ ಚೆನ್ನೈಗೆ ಹೋಗಬೇಕು. ಗಡುವು ಮೀರಿದರೆ ಪಾರ್ಸೆಲ್ ಬಂದ ದಾರಿಯಲ್ಲೇ ಮರಳುತ್ತದೆ. ಆಕೆಯ ಕೈಗೆ ಮಾತ್ರೆ ಸಿಗುವುದಿಲ್ಲ.

ಹಾಗಾದರೆ ಆಕೆ ಯಾರನ್ನು ಕೇಳಬೇಕು? ವಿಶ್ವ ಅಂಚೆ ಒಕ್ಕೂಟದ ಒಪ್ಪಂದದ ಪ್ರಕಾರ ಬಟವಾಡೆಯಾಗುವವರೆಗೆ ಪಾರ್ಸೆಲ್ ಕಳಿಸಿದವನದೇ. ದಾರಿಯಲ್ಲಿ ಕಳೆದುಹೋದರೆ ಪರಿಹಾರದ ಹಕ್ಕೂ ಅವನದೇ. ಅವನಾಗಿ ಬಿಟ್ಟುಕೊಟ್ಟರೆ ಮಾತ್ರ ಅದು ವಿಳಾಸದಾರನಿಗೆ ಬರುತ್ತದೆ. ಹುಡುಕಿಕೊಡಿ ಎಂಬ ದೂರನ್ನು ಅಂಚೆಗೆ ಹಾಕಿದ ಮರುದಿನದಿಂದ ಆರು ತಿಂಗಳೊಳಗೆ ಕೊಡಬೇಕು. ಕಸ್ಟಮ್ಸ್ ತೀರ್ಮಾನಗಳಿಗೆ ಅಂಚೆಯವರು ಹೊಣೆಯಲ್ಲ ಎಂದೂ ಅದೇ ಒಪ್ಪಂದ ಹೇಳುತ್ತದೆ. ನಮ್ಮ ಕಾನೂನೂ ಬೇರೆ ದಾರಿ ಹಿಡಿದಿಲ್ಲ. ನಷ್ಟಕ್ಕೆ, ತಡಕ್ಕೆ ಅಂಚೆ ಇಲಾಖೆ ಹೊಣೆಯಲ್ಲ ಎಂದಿದ್ದ 1898ರ ಕಾಯಿದೆ ಹೋಗಿ, 2024ರ ಜೂನ್ 18ರಿಂದ ಹೊಸ ಅಂಚೆ ಕಚೇರಿ ಕಾಯಿದೆ ಜಾರಿಯಲ್ಲಿದೆ. ನಿಯಮಗಳಲ್ಲಿ ಬೇರೆ ಹೇಳದಿದ್ದರೆ ಇಲಾಖೆಗೆ ಹೊಣೆಯಿಲ್ಲ ಎಂಬ ಹಳೆಯ ರಕ್ಷಣೆಯನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ಶತಮಾನ ದಾಟಿದ ಕಾನೂನನ್ನು ಹೊಸದಾಗಿ ಬರೆಯುವಾಗ ವಿಳಾಸದಾರನಿಗೊಂದು ಸ್ಥಾನ ಕೊಡುವ ಅವಕಾಶವಿತ್ತು. ಅದು ಕೈತಪ್ಪಿತು.

ಇದು ಆಗದ ಕೆಲಸವಲ್ಲ ಎಂಬುದಕ್ಕೆ ಇಲಾಖೆಯೇ ಸಾಕ್ಷಿ. ಹೊರದೇಶಕ್ಕೆ ಸರಕು ಕಳಿಸುವ ಸಣ್ಣ ವ್ಯಾಪಾರಿಗಳಿಗಾಗಿ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಡಾಕ್ ಘರ್ ನಿರ್ಯಾತ್ ಕೇಂದ್ರಗಳು ತೆರೆದಿವೆ. ರಫ್ತಿನ ಕಸ್ಟಮ್ಸ್ ಕಾಗದಪತ್ರ ಅಲ್ಲಿ ಕಂಪ್ಯೂಟರಿನಲ್ಲೇ ಮುಗಿಯುತ್ತದೆ, ದೊಡ್ಡ ನಗರಕ್ಕೆ ಓಡಬೇಕಿಲ್ಲ. ಪಾಸ್‌ಪೋರ್ಟಿನ ದಾಖಲೆ ಪರಿಶೀಲನೆ 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೆ ಬಂತು. ಮೊದಲ ಎರಡು ಕೇಂದ್ರಗಳಲ್ಲಿ ಒಂದು ನಮ್ಮ ಮೈಸೂರಿನದು. ಪಾಸ್‌ಪೋರ್ಟಿನಷ್ಟು ಗಂಭೀರ ದಾಖಲೆಯನ್ನು ಅಂಚೆ ಕಚೇರಿಯ ಮೇಜಿನ ಮೇಲೆ ಪರಿಶೀಲಿಸಬಹುದಾದರೆ, ಪಾರ್ಸೆಲ್‌ನ ಬಿಲ್ಲು ಮತ್ತು ವೈದ್ಯರ ಚೀಟಿಯನ್ನು ಅಲ್ಲೇ ಸ್ಕ್ಯಾನ್ ಮಾಡಿ ಕಳಿಸುವುದಕ್ಕೆ ಅಡ್ಡಿಯೇನು? ಕಳಿಸುವವನಿಂದ ವಿದೇಶಿ ವಿನಿಮಯ ಬರುತ್ತದೆ, ಅದಕ್ಕೆ ಅವನಿಗೆ ಕೇಂದ್ರ ಸಿಕ್ಕಿತು. ಪಡೆಯುವವಳಿಂದ ಸುಂಕ ಬಂದರೂ ಆಕೆಗೆ ಒಂದು ಕಿಟಕಿ ಸಿಗಲಿಲ್ಲ.

ತೇಣಿ ಮತ್ತು ದಿಂಡಿಗಲ್‌ನ ಪ್ರಧಾನ ಅಂಚೆ ಕಚೇರಿಗಳಲ್ಲಿ ಆ ಕಿಟಕಿ ಮೊದಲು ತೆರೆಯಲಿ. ಪಾರ್ಸೆಲ್ ನಿಂತ ಕಾರಣ, ಬೇಕಾದ ಕಾಗದ, ಗಡುವು ಈ ಮೂರೂ ವಿಳಾಸದಾರನ ಮೊಬೈಲಿಗೆ ಅವನು ಓದಬಲ್ಲ ಭಾಷೆಯಲ್ಲಿ ಹೋಗಲಿ. ತೇಣಿಗೆ ತಮಿಳು, ನಮ್ಮ ಹಾಸನಕ್ಕೆ ಕನ್ನಡ. ಹಾಕಿದ ಸುಂಕದ ಲೆಕ್ಕ ಬಿಡಿಬಿಡಿಯಾಗಿ ಕೈಗೆ ಸಿಗಲಿ, ಅದು ತಪ್ಪೆನಿಸಿದರೆ ಅಲ್ಲೇ ಆಕ್ಷೇಪ ಬರೆದುಕೊಡುವಂತಾಗಲಿ. ಹೊಸ ಕಾಯಿದೆಯಡಿ ನಿಯಮ ರೂಪಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇರುವುದರಿಂದ, ಇದಕ್ಕಾಗಿ ಸಂಸತ್ತಿನಲ್ಲಿ ಇನ್ನೊಂದು ಮಸೂದೆ ಬರಲೆಂದು ಕಾಯಬೇಕಿಲ್ಲ. ಸುಂಕ ಕಟ್ಟಲು ಯಾರ ಹೆಸರನ್ನು ಸರ್ಕಾರ ಹುಡುಕಿ ತೆಗೆಯುತ್ತದೋ, ಅವರಿಗೆ ಉತ್ತರ ಕೊಡಲೂ ಅದೇ ಹೆಸರು ಸಾಕಾಗಬೇಕು.