ಕನ್ನಡದ ಅಕ್ಷರಾಭ್ಯಾಸದಲ್ಲಿ ಒತ್ತಕ್ಷರದ ಸ್ಥಾನ

ಮಗುವಿಗೆ ಯಾವ ಅಕ್ಷರವನ್ನು ಮೊದಲು ಕಲಿಸಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳುಂಟು. ಓನಾಮದ ಕಾಲದಿಂದ ನಡೆದು ಬಂದದ್ದು ವರ್ಣಮಾಲೆಯ ಕ್ರಮ. ಉಚ್ಚಾರಣಸ್ಥಾನಗಳನ್ನು ಅನುಸರಿಸಿದ ಆ ಜೋಡಣೆಯ ಶಾಸ್ತ್ರೀಯತೆ ನಿರ್ವಿವಾದ. ಬರೆಯಲು ಸುಲಭವಾದ, ಬೇಗನೆ ಪದಗಳಾಗಿ ಕೂಡುವ ಅಕ್ಷರಗಳಿಂದ ತೊಡಗಬೇಕೆಂಬುದು ಇನ್ನೊಂದು ಪಕ್ಷ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯ ‘ರ ಗ ಸ ದ ಅ’ ಇದಕ್ಕೆ ಸೇರಿದುದು. ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಮಗುವಿನ ಕೈವಶವಾಗುತ್ತವೆ. ಇದು ಅಲ್ಪ ಲಾಭವಲ್ಲ.

ಆದರೆ ವಾದದ ಭರದಲ್ಲಿ ಇಬ್ಬರೂ ಒಂದು ಸಂಗತಿಯನ್ನು ಉಪೇಕ್ಷಿಸಿದಂತೆ ತೋರುತ್ತದೆ. ಒತ್ತಕ್ಷರವನ್ನು ಕೊನೆಗೆ ಇರಿಸುವುದು ನಮ್ಮ ರೂಢಿ. ಅರಸನೂ ಅಗಸನೂ ಇಂದಿನ ಮಗುವಿನ ಬಾಯಿಯ ಮಾತುಗಳಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ—ಇವು ಅದರ ಮಾತುಗಳು. ಇವುಗಳಲ್ಲಿ ಒತ್ತಿಲ್ಲದ ಪದ ಒಂದಾದರೂ ಇಲ್ಲ. ಗರಗಸವನ್ನು ಬರೆಯಬಲ್ಲ ಮಗು ತಾಯಿಯನ್ನು ಬರೆಯಲು ತಿಂಗಳುಗಟ್ಟಲೆ ಕಾಯಬೇಕಾಗಿದೆ!

ಒತ್ತಕ್ಷರಗಳೆಲ್ಲ ಕಠಿನವೆಂಬುದು ಇದಕ್ಕೆ ಕೊಡುವ ಸಮಾಧಾನ. ವಿಜಾತೀಯ ಒತ್ತುಗಳ ಮಟ್ಟಿಗೆ ಮಾತು ನಿಜ. ‘ಸೂರ್ಯ’ದಲ್ಲಿ ಯಕಾರಕ್ಕಿಂತ ಮೊದಲು ಕೇಳಿಸುವ ರಕಾರವನ್ನು ಅರ್ಕಾವೊತ್ತಾಗಿ ಅದರ ಅನಂತರ ಬರೆಯುತ್ತೇವೆ. ‘ಶಾಸ್ತ್ರಿ’ಯಲ್ಲಿ ಕಟ್ಟಕಡೆಗೆ ಕೇಳುವ ಇಕಾರವನ್ನು ಸಕಾರಕ್ಕೆ ಗುಡಿಸಾಗಿ ಮೊದಲೇ ಕೊಟ್ಟು, ತಕಾರ ರಕಾರಗಳನ್ನು ಕೆಳಗಿಳಿಸಬೇಕು. ಇಲ್ಲಿ ಕಿವಿಯ ಕ್ರಮವೇ ಬೇರೆ, ಕೈಯ ಕ್ರಮವೇ ಬೇರೆ. ‘ಅಜ್ಜಿ’ಯಲ್ಲಿಯೂ ಈ ತೊಡಕು ಕೊಂಚ ಉಂಟು, ‘ಅಮ್ಮ’ದಲ್ಲಿ ಇಲ್ಲವೆಂದೇ ಹೇಳಬಹುದು. ಸಜಾತೀಯ ಒತ್ತು ಕೇಳಿದ ವ್ಯಂಜನದ ಪುನರಾವೃತ್ತಿ ಮಾತ್ರ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ದೂರವಿರಿಸಿದ್ದು ಸರಿಯಲ್ಲ.

ಕನ್ನಡದ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತಿಳಿದುಬರುತ್ತದೆ. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ 442 ರೂಪಗಳಾಗುತ್ತವೆ. ಒತ್ತುಗಳು ಈ ಲೆಕ್ಕಕ್ಕೆ ಹೊರಗು. ಹೀಗಿರುವಾಗ ಈ ವಿಳಂಬವನ್ನು ಮಗುವಿನ ಮಂದಬುದ್ಧಿಯೆಂದು ಎಣಿಸುವುದು ಅನ್ಯಾಯ. ಒತ್ತಕ್ಷರವನ್ನು ಮುಂದೂಡಲು ಇದನ್ನೇ ಆಧಾರವಾಗಿ ಹಿಡಿಯುವವರು ಇರಬಹುದು. ನಮಗೆ ತೋರುವುದು ಇದಕ್ಕೆ ವಿಪರೀತ: ದಾರಿ ದೀರ್ಘವಾದಷ್ಟೂ ಬೇಗ ಹೊರಡಬೇಕು.

ಮಗುವು ‘ಅಮಮ’ ಎಂದು ಬರೆದರೆ ಅದನ್ನು ಹೊಡೆದುಹಾಕುವುದು ಸುಲಭ. ಎರಡು ಮಕಾರಗಳನ್ನು ಅದರ ಕಿವಿ ಸರಿಯಾಗಿಯೇ ಗುರುತಿಸಿದೆ. ಎರಡನೆಯದನ್ನು ಮೊದಲನೆಯದರ ಕೆಳಗೆ ಇಡುವ ಸಂಪ್ರದಾಯವೊಂದು ಅದಕ್ಕೆ ತಿಳಿದಿಲ್ಲ. ಮಕಾರದ ಒತ್ತನ್ನು ಹೇಳಿಕೊಡಲು ತಕ್ಕ ದಿನ ಅದೇ.