ಕೇಳದ ನಾದದ ಕಾಣ್ಕೆ

ಕೆಂಚಾರ್ಲಹಳ್ಳಿಯ ತಾಯಿಯೊಬ್ಬಳು, ದೀಪದ ಬೆಳಕಿನಲ್ಲಿ ಕೂಸಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದುದನ್ನು ಕಂಡು ಎದೆಯೊಡೆದು, ಚಿಂತಾಮಣಿಯ ಬಸ್ಸು ಹಿಡಿದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬಂದಳೆನ್ನಿ. ಮುಚ್ಚಿದ ರೆಪ್ಪೆಗೆ ತಣ್ಣನೆಯ ಜೆಲ್ ಸವರಿ ಹೆಬ್ಬೆರಳ ಗಾತ್ರದ ಅಲ್ಟ್ರಾಸೌಂಡ್ ಶೋಧಕವನ್ನು ಮೆಲ್ಲಗೆ ಆನಿಸುವುದು ಆಕೆಗೆ ಮಕ್ಕಳಾಟದಂತೆ ತೋರೀತು. ಆದರೆ ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದುದನ್ನು ಕೇಳಲಾರದ ಮನುಷ್ಯನು, ಸುಮಾರು ಒಂದು ಕೋಟಿ ಕಂಪನಗಳ ನಿಶ್ಶಬ್ದ ನಾದವನ್ನು ರಕ್ತವೋ ಪೊರೆಯೋ ಕವಿದ ಕಣ್ಣಿನೊಳಕ್ಕೂ ಕಳುಹಿ, ಅದರ ಮರುದನಿಯಿಂದ ರೆಟಿನೋಬ್ಲಾಸ್ಟೋಮಾ ಎಂಬ ಮಕ್ಕಳ ಕಣ್ಣಿನ ಕ್ಯಾನ್ಸರ್ ಗಡ್ಡೆಯ ಸುಣ್ಣದ ಕಣಗಳು ಹೊಳೆವ ಚುಕ್ಕೆಗಳಾಗಿ, ಹಿಂದೆ ಕಪ್ಪು ನೆರಳೆಳೆದು ಪರದೆಯ ಮೇಲೆ ಮೂಡುವುದನ್ನು ನೋಡುವನಲ್ಲ, ಅದು ನನಗೆ ಬಲು ಸೊಗಸಾಗಿ ಕಾಣುತ್ತದೆ. ವಯಸ್ಕರ ಕಣ್ಣಿನ ಮೆಲನೋಮಾ ಗಡ್ಡೆಯಾದರೋ ಕೆಲವೊಮ್ಮೆ ಅಣಬೆಯಂತೆ ತಲೆಯೆತ್ತಿ ನಿಲ್ಲುವುದು. ಮಗುವಿನ ಈ ಗಡ್ಡೆಗೆ ಸೂಜಿ ಚುಚ್ಚಿ ಪರೀಕ್ಷಿಸುವಂತಿಲ್ಲ. ಚುಚ್ಚಿದರೆ ವ್ಯಾಧಿಯು ಕಣ್ಣಿನಾಚೆಗೂ ಹರಡೀತು.